ಅಂಟಿನುಂಡಿಗೆ ತಾರೀಖು ಕೇಳಬಾರದು

ನನಗೂ ಕಂಪ್ಯೂಟರ್ ಸಾಹೇಬರಿಗೂ ಮೊದಲ ದಿನದಿಂದಲೇ ಎಣ್ಣೆ ಸೀಗೆಕಾಯಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು.

ಗೋಕಾಕದಲ್ಲಿ ನಾನು ಕೆಲಸ ಮಾಡುತ್ತಿದ್ದುದು ಕರದಂಟು ಮತ್ತು ಉಂಡಿ ಮಾಡುವ ಕಾರ್ಖಾನೆಯಲ್ಲಿ. ಕಾರ್ಖಾನೆ ಅಂದರೆ ಭಾರೀ ಏನಲ್ಲ. ಹಿಂದೆ ಒಲೆಗಳ ಸಾಲು, ನಡುವೆ ಉಂಡಿ ಕಟ್ಟುವ ಹೆಂಗಸರು ಕೂರುವ ಪಡಸಾಲೆ, ಮುಂದೆ ಅಂಗಡಿ, ಮಹಡಿಯ ಮೇಲೊಂದು ಆಫೀಸು. ಮಾಲಕರು ಹಳೆಯ ಜೈನ ವ್ಯಾಪಾರಸ್ಥರ ಮನೆತನದವರು, ಊರಿಗೆಲ್ಲ ಕಾಕಾ. ಅವರಿಗೆ ಲೆಕ್ಕ ಹಾಕುವಾಗ ಮರಾಠಿ, ಬೈಯುವಾಗ ಕನ್ನಡ, ಖುಷಿಯಾದರೆ ಎರಡೂ ಬರುತ್ತಿತ್ತು. ನಾನು ಬಿ.ಕಾಂ. ಮುಗಿಸಿ ಅವರ ಅಂಗಡಿಯ ಗಲ್ಲಾದ ಹಿಂದೆ ನಿಂತವಳು. ಮಾತಿನ ಬಲದಿಂದ ಮೇಲೇರಿ ಮಾರಾಟವನ್ನೆಲ್ಲ ನೋಡಿಕೊಳ್ಳುವವಳಾದೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾಕಾನ ತಲೆ ತಿಂದು ಮೂಡಲಗಿಯಲ್ಲೊಂದು, ಹುಕ್ಕೇರಿಯಲ್ಲೊಂದು ಅಂಗಡಿ ತೆರೆಸಿದ್ದೆ. ಅವೆರಡೂ ನನ್ನ ಅಂಗಡಿಗಳು. ಕಾಗದದ ಮೇಲೆ ಕಾಕಾನ ಹೆಸರಿತ್ತು, ಅಷ್ಟೇ.

ಗೋಕಾಕದ ಅಂಗಡಿ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಆ ಎರಡರಲ್ಲಿ ಮಾತ್ರ ಒಂದು ಪೀಡೆ ಅಂಟಿಕೊಂಡಿತ್ತು, ಅದು ಅಂಟಿನುಂಡಿಯ ಪೀಡೆ. ನಮ್ಮ ಕಡೆ ಬಾಣಂತಿಗೆ ತವರಿನವರು ಕೊಡುವ ಉಂಡಿ ಅದು. ತುಪ್ಪದಲ್ಲಿ ಅರಳಿಸಿದ ತಿನ್ನುವ ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಸೇರಿಸಿ ಕಟ್ಟಿದ್ದು. ಹೆರಿಗೆಯಾದ ಐದನೇ ದಿನದ ಪೂಜೆಯೊಳಗೆ ಅದು ಮನೆಯಲ್ಲಿರಬೇಕು. ಕೊಂಡರೆ ಡಬ್ಬಿಗಟ್ಟಲೆ ಕೊಳ್ಳುತ್ತಾರೆ, ಸಿಗದಿದ್ದರೆ ಮುಂದಿನ ಮದುವೆ ಮುಂಜಿವೆಗೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಕಾಕಾ ಬೇರೆ ಹಟಮಾರಿ. ವಾರ ದಾಟಿದ ಉಂಡಿಯನ್ನು ಬಾಣಂತಿಗೆ ಮಾರಕೂಡದು ಎಂದು ಅವರ ಕಟ್ಟಪ್ಪಣೆ. ಹಾಗಾಗಿ ಹುಕ್ಕೇರಿಗೆ ಹೆಚ್ಚು ಕಳಿಸಿದರೆ ವಾಪಸ್ ಬರುತ್ತಿತ್ತು, ಕಡಿಮೆ ಕಳಿಸಿದರೆ ಗಿರಾಕಿಗಳು ಬರಿಗೈಯಲ್ಲಿ ಹೋಗುತ್ತಿದ್ದರು. ನಾನು ಅಂದಾಜಿನ ಮೇಲೆ ಕಳಿಸುತ್ತಿದ್ದೆ. ನನ್ನ ಅಂದಾಜು ಚೆನ್ನಾಗಿತ್ತು ಎಂದೇ ಈಗಲೂ ಹೇಳುತ್ತೇನೆ, ಕೂಸುಗಳು ಮಾತ್ರ ನನ್ನ ಅಂದಾಜಿನ ಪ್ರಕಾರ ಹುಟ್ಟುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸದು. ಕಾಕಾ ಕೊಲ್ಹಾಪುರದ ನೆಂಟರ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿ ಬಂದರು. ಬಂದವರೇ ಮೂರೂ ಅಂಗಡಿಗೆ ಒಂದೊಂದು ಪೆಟ್ಟಿಗೆ ತರಿಸಿದರು, ಅವುಗಳ ಜೊತೆಗೆ ಘಟಪ್ರಭಾದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಹುಕ್ಕೇರಿಯ ಇಂಜಿನಿಯರರನ್ನೂ ಕರೆತಂದರು. ನಾನು ಹೇಳಿದ ಸಾಹೇಬರು ಇವರೇ. ನನಗಿಂತ ಚಿಕ್ಕವರು, ತೆಳ್ಳಗೆ, ಇನ್ನೂ ಮದುವೆಯಾಗದ ಗಂಡಸು. ಇಸ್ತ್ರಿ ಮುರಿಯದ ಅಂಗಿ, ನಗು ಮಾತ್ರ ತೀರಾ ತುಟ್ಟಿ. ಕಾಕಾ ನಮ್ಮಿಬ್ಬರನ್ನೂ ಮಹಡಿಯಲ್ಲಿ ನಿಲ್ಲಿಸಿ, "ನೀ ಮಾರೂ ಕಡೆ ಮುಖ್ಯಸ್ಥಿ, ಇವ್ರು ಮಶೀನ್ ಕಡೆ ಮುಖ್ಯಸ್ಥರು. ಜಗಳಾಡಿದ್ರ ಇಬ್ಬರನ್ನೂ ಒಲಿ ಮುಂದ ಕುಂಡ್ರಸ್ತೇನಿ" ಅಂದರು. ಮೇಜುಗಳನ್ನು ಬೆನ್ನಿಗೆ ಬೆನ್ನು ಬರುವಂತೆ ಹಾಕಿಸಿದ್ದೂ ಅವರೇ. ಅದೇ ನಮಗೆ ಅನುಕೂಲವಾಯಿತು, ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ.

ಇಂಟರ್ನೆಟ್ಟು ಎನ್ನುವುದು ಆಗ ಪೇಪರಿನಲ್ಲಿ ಓದುವ ಸಂಗತಿ. ಟೆಲಿಫೋನ್ ತಂತಿಯಲ್ಲಿ ಲೆಕ್ಕ ಕಳಿಸುವ ಏರ್ಪಾಟನ್ನು ಸಾಹೇಬರು ಮಾಡಿದ್ದರು, ಆದರೆ ನಾಲ್ಕು ಹನಿ ಮಳೆ ಬಿದ್ದರೆ ಮೂಡಲಗಿಯ ಲೈನು ಸತ್ತುಹೋಗುತ್ತಿತ್ತು. ಕೊನೆಗೆ ಅಂಗಡಿಯ ಮಾರಾಟವನ್ನೆಲ್ಲ ಫ್ಲಾಪಿಯಲ್ಲಿ ತುಂಬಿ, ಊಟದ ಡಬ್ಬಿಯಲ್ಲಿಟ್ಟು, ಬೆಳಗಿನ ಬಸ್ಸಿನ ಕಂಡಕ್ಟರರ ಕೈಗೆ ಕೊಡುವ ಪದ್ಧತಿ ಬಂತು. ಮೂಡಲಗಿಯ ಫ್ಲಾಪಿಗಳಿಗೆ ಸದಾ ತುಪ್ಪದ ಬೆರಳಚ್ಚು ಇರುತ್ತಿತ್ತು. ಸಾಹೇಬರು ಅದನ್ನು ಕರ್ಚೀಫಿನಿಂದ ಒರೆಸುವಾಗ ಅವರ ಮುಖ ನೋಡುವುದೇ ನನಗೊಂದು ಸುಖ. ಬೆನ್ನು ತಿರುಗಿಸಿ ಕೂತಿದ್ದರೂ ಆ ಹೊತ್ತಿಗೆ ಮಾತ್ರ ನಾನು ಕುರ್ಚಿ ಹೊರಳಿಸುತ್ತಿದ್ದೆ.

ಅಂಟಿನುಂಡಿಯ ಪೀಡೆ ಕೇಳಿ ಸಾಹೇಬರು ತಾವೇ ಒಂದು ದಾರಿ ಕಂಡುಹಿಡಿದರು. ಮುಂಗಡ ಆರ್ಡರು. ಗಿರಾಕಿಯ ಊರು, ಎಷ್ಟು ಕಿಲೋ, ಹೆರಿಗೆಯ ತಾರೀಖು. ತಾರೀಖು ತುಂಬದಿದ್ದರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ. "ಇದು ನಡಿಯೂದಿಲ್ರಿ ಸಾಹೇಬ್ರ" ಅಂದೆ. "ಯಾಕ ನಡಿಯೂದಿಲ್ಲ ಅಕ್ಕಾರ? ಡಾಕ್ಟರ್ ತಾರೀಖ ಹೇಳೇ ಹೇಳಿರ್ತಾರ" ಅಂದರು. ನಾನು ವಿವರಿಸಲು ಹೋಗಲಿಲ್ಲ. ಹೆತ್ತ ತಾಯಂದಿರ ಬಾಯಿಂದಲೇ ಕೇಳಿದರೆ ತಾನೇ ತಿಳಿಯುತ್ತದೆ ಎಂದು ಸುಮ್ಮನೆ ಅವರನ್ನು ಮೂಡಲಗಿಗೆ ಕರೆದುಕೊಂಡು ಹೋದೆ.

ಆವತ್ತು ಅಂಗಡಿಗೆ ಹಾಲುಮತದ ಹೆಣ್ಣುಮಗಳೊಬ್ಬರು ಬಂದರು. ಕುರಿ ಮಾರಿ ಹೊಲ ಹಿಡಿದ ಮನೆ, ಕೈತುಂಬ ಹಸಿರು ಬಳೆ. ಮಗಳ ಕುಬಸಕ್ಕೆ ಕರದಂಟು, ಬುಂದಿ ಉಂಡಿ ಹೇಳಿ ಹೋಗಲು ಬಂದಿದ್ದರು. ಬಸುರಿ ಮಗಳಿಗೆ ತವರಿನವರು ಸೀರೆ ಉಡಿಸಿ, ಉಡಿ ತುಂಬಿ, ಬುತ್ತಿ ಒಯ್ಯುವುದಕ್ಕೆ ನಮ್ಮಲ್ಲಿ ಕುಬಸ ಎನ್ನುತ್ತಾರೆ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಸಾಹೇಬರು, "ಅಂಟಿನುಂಡಿನೂ ಈಗ ಬರಸ್ರಿ ಅಮ್ಮಾರ. ಹೆರಿಗಿ ಯಾವ ತಾರೀಖ ಐತಿ?" ಎಂದರು.

ಆಕೆ ಸೆರಗು ಸರಿಮಾಡಿಕೊಂಡರು. "ಕೂಸು ಭೂಮಿಗಿ ಬರೂಕಿಂತ ಮೊದ್ಲ ಬಾಣಂತಿ ಉಂಡಿ ಹೇಳ್ತಾರೇನೋ ತಮ್ಮಾ? ನಿನಗ ತಾಯಿ ಅದಾಳಿಲ್ಲೋ?" ಎಂದು ಕೇಳಿ, ಕುಬಸದ ಆರ್ಡರನ್ನೂ ಅಲ್ಲೇ ಬಿಟ್ಟು ಮೆಟ್ಟಿಲು ಇಳಿದುಹೋದರು. ನಾನು ಬಸ್‌ಸ್ಟ್ಯಾಂಡಿನ ತನಕ ಹಿಂದೆ ಓಡಿ, ಕೈಹಿಡಿದು, ತಪ್ಪಾಯಿತೆಂದು ಹೇಳಿ ತಿರುಗಿ ಕರೆತಂದೆ. ನನಗೆ ಒಳಗೊಳಗೇ ಸಂತೋಷವಾಗಿತ್ತು.

ಆ ಸಂತೋಷಕ್ಕೆ ಕಾಕಾ ಮರುದಿನವೇ ತಣ್ಣೀರೆರಚಿದರು. ಹುಕ್ಕೇರಿಯಿಂದ ಉಂಡಿಯ ಡಬ್ಬಿಗಳು ಮತ್ತೆ ವಾಪಸ್ ಬಂದಿದ್ದವು. ಕಾಕಾ ಅವನ್ನೆಲ್ಲ ಆಳುಗಳಿಗೆ ಹಂಚಿಸಿ ಮಹಡಿ ಹತ್ತಿ ಬಂದರು. "ತಂಗಿ, ನಿನ್ನ ಮಾತ ಕೇಳಿ ಅಂಗಡಿ ತಗದೆ. ಇವರ ಮಾತ ಕೇಳಿ ಮಶೀನ್ ತಂದೆ. ಎರಡೂ ಸೇರಿ ನನ್ನ ತುಪ್ಪಾ ಕುಡ್ಯಾಕತ್ತಾವು. ಹೋಳಿ ಹುಣ್ಣಿಮಿತನಕ ನೋಡ್ತೇನಿ. ಸುಧಾರಸಲಿಲ್ಲಂದ್ರ ಮೂಡಲಗಿ, ಹುಕ್ಕೇರಿ ಎರಡೂ ಶಟರ್ ಎಳೀತೇನಿ" ಎಂದರು. ಅವರು ಕೂಗಾಡಿದ್ದರೆ ನನಗೆ ಭಯವಾಗುತ್ತಿರಲಿಲ್ಲ. ಮೆತ್ತಗೆ ಹೇಳಿದ್ದರು, ಅದಕ್ಕೇ ಹೆದರಿದೆ. ಆ ಅಂಗಡಿಗಳಿಗೆ ಜಾಗ ಹುಡುಕಿದ್ದು, ಬಣ್ಣ ಆರಿಸಿದ್ದು, ಗಲ್ಲಾದ ಮೇಲೆ ಕೂರುವ ಹೆಣ್ಣುಮಕ್ಕಳಿಗೆ ಕೆಲಸ ಕಲಿಸಿದ್ದು ನಾನು. ಅವು ಮುಚ್ಚಿದರೆ ಊರಲ್ಲಿ ತಲೆಯೆತ್ತಿ ತಿರುಗಾಡುವುದು ಹೇಗೆ?

ಮರುವಾರ ಇಬ್ಬರೂ ಹುಕ್ಕೇರಿಗೆ ಹೊರಟೆವು, ಬೇರೆ ಬೇರೆ ಸೀಟಿನಲ್ಲಿ. ಘೋಡಗೇರಿಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ಕಬ್ಬಿನ ಟ್ರ್ಯಾಕ್ಟರುಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಸೇತುವೆಯ ಕಟ್ಟೆಯ ಮೇಲೆ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಅವರು ಕೂತೆವು. ಬಿಸಿಲು ಏರಿದ ಹಾಗೆ ನೆರಳು ನನ್ನ ತುದಿಗೇ ಉಳಿಯಿತು. ಅವರು ವಿಧಿಯಿಲ್ಲದೆ ಸರಿದು ಸರಿದು ನನ್ನ ಬಳಿಗೆ ಬಂದರು.

"ಅಕ್ಕಾರ, ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ" ಅಂದರು. "ಹೆರಿಗಿ ಮುಂಚೆ ಜನಾ ಏನೂ ಹೇಳೂದಿಲ್ಲ, ಖರೆ. ಆದ್ರ ಹೇಳದಿದ್ರೂ ಏನರೆ ಮಾಡ್ತಾರಲ್ಲಾ? ಸುಮ್ನ ಅಂತೂ ಕೂಡೂದಿಲ್ಲ."

"ಏನ ಮಾಡ್ತಾರ? ಕುಬಸಾ ಮಾಡ್ತಾರ. ಊರ ಮಂದೀನೆಲ್ಲಾ ಕರದು ಮಾಡ್ತಾರ."

"ಅದನ್ನ ಮುಚ್ಚಿಡೂದಿಲ್ಲ?"

"ಮುಚ್ಚಿಡೂದೇನ ಬಂತ್ರಿ, ವಾಲಗಾ ಊದಿಸ್ತಾರ."

"ಕುಬಸದ ಉಂಡಿ ಯಾರ ಕಡೆ ತಗೋತಾರ?"

"ನಮ್ಮ ಕಡೇನ. ಮತ್ಯಾರ ಕಡೆ ತಗೋತಾರ?" ಎಂದು ಸಿಡುಕಿದೆ. ಸಿಡುಕಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡಲು ಶುರುಮಾಡಿದೆವು. ಕುಬಸ ಯಾವ ತಿಂಗಳಲ್ಲಿ ಮಾಡುತ್ತಾರೆ ಎಂದು ಅವರು ಕೇಳಿದರು. ಹೆಚ್ಚಿನವರು ಏಳರಲ್ಲಿ, ಕೆಲವರು ಐದರಲ್ಲಿ, ಅವಸರವಿಲ್ಲದವರು ಒಂಬತ್ತರಲ್ಲಿ ಎಂದೆ. ಬುತ್ತಿ ತರುವವರು ತವರಿನವರಾದರೆ ಉಂಡಿ ಬೇಕಾಗುವುದೂ ಅದೇ ಊರಿನ ಅಂಗಡಿಯಲ್ಲಿ ಅಲ್ಲವೇ ಎಂದರು. ಚೊಚ್ಚಲು ಹೆರಿಗೆ ತವರಲ್ಲೇ, ಅದೇ ಅಂಗಡಿಗೇ ಬರುತ್ತಾರೆ ಎಂದೆ. ಕುಬಸ ಎಷ್ಟನೇ ತಿಂಗಳದ್ದು ಎಂದು ತಿಳಿದರೆ ಸಾಕು, ಉಳಿದದ್ದನ್ನು ಕಂಪ್ಯೂಟರ್ ತಾನೇ ಕೂಡಿಸಿಕೊಳ್ಳುತ್ತದೆ ಎಂದರು. "ಆದ್ರ ಅದನ್ನ ಕೇಳಿದ್ರ ಎದ್ದ ಹೊಕ್ಕಾರೇನ್ರಿ?" ಎಂದು ಹೆದರಿಕೊಂಡೇ ಕೇಳಿದರು. ನಾನು ನಕ್ಕುಬಿಟ್ಟೆ. ಬಸುರಿಯ ತಾಯಿಗೆ ಲೋಕದಲ್ಲಿ ಅದಕ್ಕಿಂತ ಇಷ್ಟದ ಪ್ರಶ್ನೆ ಇನ್ನೊಂದಿಲ್ಲ. ಬಸ್ಸು ರಿಪೇರಿಯಾದಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು.

ಹೆರಿಗೆಯ ತಾರೀಖಿನ ಪ್ರಶ್ನೆ ಆ ವಾರವೇ ಅಳಿಸಿಹೋಯಿತು. ಕುಬಸದ ಆರ್ಡರಿಗೆ ಮಾತ್ರ ಒಂದು ಹೊಸ ಪ್ರಶ್ನೆ ಬಂತು, ಎಷ್ಟರಾಗಿನ ಕುಬಸ ಎಂದು. ಕೇಳುವ ರೀತಿಯನ್ನು ಗಲ್ಲಾದ ಹೆಣ್ಣುಮಕ್ಕಳಿಗೆ ನಾನು ಕಲಿಸಿದೆ. ಮಶೀನಿನ ಕಡೆ ನೋಡುತ್ತ ಕೇಳಬಾರದು, ಉಂಡಿ ತೂಗುತ್ತ, ಸೋದರತ್ತೆಯ ಹಾಗೆ ಕೇಳಬೇಕು. "ಎಷ್ಟರಾಗಿಂದಬೇ ಯವ್ವಾ?" ಅಂದರೆ ಸಾಕು, "ಏಳರಾಗಿಂದವಾ, ಚೊಚ್ಚಲ" ಎಂದು ಮುಖ ಅರಳುತ್ತಿತ್ತು. ಕೆಲವರು ಅಳಿಯನ ಊರು, ಹೊಲ, ಎಮ್ಮೆ ಎಲ್ಲ ಹೇಳಿಯೇ ಏಳುತ್ತಿದ್ದರು. ಬುತ್ತಿಯ ಅಳತೆ ನೋಡಿ ಉಂಡಿಯ ಅಳತೆ ಎಷ್ಟಾದೀತೆಂದು ನಾನು ಹೇಳುತ್ತಿದ್ದೆ, ಸಾಹೇಬರು ಅದನ್ನು ಮಶೀನಿಗೆ ಕಲಿಸುತ್ತಿದ್ದರು. ಮೊದಲ ಸಲ ನನ್ನ ತಲೆಯೊಳಗಿನದು ಹೊರಗೆ ಬಂದು ಮೂರು ಊರಲ್ಲಿ ಕೆಲಸ ಮಾಡುತ್ತಿತ್ತು. ಹೆಮ್ಮೆಯಾಗುತ್ತಿತ್ತು, ಯಾಕೆ ಸುಳ್ಳು ಹೇಳಲಿ.

ಆ ದಿನಗಳಲ್ಲೇ ಕಾಕಾನ ಮನೆಯಲ್ಲೂ ಕುಬಸ ಬಂತು. ಅವರ ಮಗಳನ್ನು ಕೊಟ್ಟದ್ದು ನಿಪ್ಪಾಣಿಗೆ. ಬುತ್ತಿಗೆ ಒಲೆಯ ಮುಂದಿನಿಂದಲೇ ಡಬ್ಬಿ ಎತ್ತಿಸುತ್ತಿದ್ದ ಕಾಕಾನನ್ನು ಸಾಹೇಬರು ತಡೆದರು. "ಮಾಲಕರ ಮನೀದೂ ಮಶೀನ್ದಾಗ ಹತ್ತಬೇಕ್ರಿ, ಇಲ್ಲಾಂದ್ರ ಹಿಟ್ಟು ಬೆಲ್ಲದ ತಾಳ ತಪ್ಪತೈತಿ" ಎಂದರು. ಕಾಕಾ ಗೊಣಗುತ್ತ ಗಲ್ಲಾದ ಮುಂದೆ ನಿಂತರು. ನಾನು ತೂಗುತ್ತ, "ಎಷ್ಟರಾಗಿಂದ್ರಿ ಕಾಕಾ?" ಎಂದೆ. "ಏಳು. ಸಾತವಾ" ಎಂದು ಎರಡೂ ಭಾಷೆಯಲ್ಲಿ ಹೇಳಿದರು. ಅಷ್ಟು ಖುಷಿಯಾಗಿತ್ತು.

ನಾನು ಸುಮ್ಮನಿರುವ ಜಾತಿಯವಳಲ್ಲ. ಕಂಪ್ಯೂಟರ್ ತೋರಿಸುವ ದಿನಕ್ಕೆ ಸರಿಯಾಗಿ ಆ ಮನೆಗಳಿಗೆಲ್ಲ ಅಭಿನಂದನೆಯ ಕಾರ್ಡು ಕಳಿಸೋಣ, ಕಾರ್ಡು ತಂದವರಿಗೆ ಒಂದು ಕರದಂಟಿನ ಪೊಟ್ಟಣ ಪುಕ್ಕಟೆ ಎಂದು ಹೊಸ ಯೋಜನೆ ತಂದೆ. ಚಿತ್ರ ಕೂಡ ಆರಿಸಿದ್ದೆ, ತೊಟ್ಟಿಲಲ್ಲಿ ನಗುವ ಕೂಸು. ಸಾಹೇಬರು ಕುರ್ಚಿ ತಿರುಗಿಸಿದರು. "ಬ್ಯಾಡ್ರಿ ಅಕ್ಕಾರ. ಯಾವದರೆ ಒಂದು ಮನ್ಯಾಗ ಏನರೆ ಹೆಚ್ಚುಕಡಿಮಿ ಆಗಿದ್ರ?" ಎಂದರು. ಅಷ್ಟೇ ಹೇಳಿದ್ದು. ಆ ಕಾರ್ಡು ಅಂಥದ್ದೊಂದು ಮನೆಯ ಬಾಗಿಲಿಗೆ ಬಿದ್ದರೆ ಹೇಗಿರುತ್ತದೆಂದು ನೆನೆಸಿಕೊಂಡೆ. ಚಿತ್ರವನ್ನು ಹರಿದುಹಾಕಿದೆ. ಅಂದಿನಿಂದ ಇಬ್ಬರೂ ಸೇರಿ ಒಂದು ಕಟ್ಟಳೆ ಮಾಡಿಕೊಂಡೆವು. ಡಬ್ಬಿಯ ಮೇಲೆ ಯಾರ ಹೆಸರೂ ಬರೆಯಬಾರದು, ಯಾರಿಗೂ ಫೋನು ಮಾಡಬಾರದು, ಯಾರೂ ಬರದಿದ್ದರೆ ಯಾಕೆ ಬರಲಿಲ್ಲವೆಂದು ಕೇಳಬಾರದು. ನಾವು ಸಿದ್ಧವಾಗಿರಬೇಕು, ಅಷ್ಟೇ. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆವತ್ತು.

ಹೋಳಿ ಹುಣ್ಣಿಮೆ ಹತ್ತಿರ ಬಂತು. ಬೇಸಿಗೆಯ ಮದುವೆಗಳ ಫಲವೆಲ್ಲ ಈಗ ಮನೆಗೆ ಬರುವ ಕಾಲ. ಪ್ರಿಂಟರು ಕಿರಕಿರ ಅನ್ನುತ್ತ ಉದ್ದನೆಯ ಹಾಳೆಯನ್ನು ಹೊರಹಾಕಿತು. ಬರುವ ವಾರ ಹುಕ್ಕೇರಿಗೆ ಎಂದೂ ಕಳಿಸದಷ್ಟು ಉಂಡಿ, ಮೂಡಲಗಿಗೆ ಅದಕ್ಕಿಂತ ತುಸು ಕಡಿಮೆ, ಗೋಕಾಕಕ್ಕೂ ಸಾಕಷ್ಟು. ಇಬ್ಬರೂ ಹಾಳೆ ಹಿಡಿದು ಕಾಕಾನ ಮುಂದೆ ನಿಂತೆವು.

"ಇಷ್ಟ್ಯಾರ ಹೇಳ್ಯಾರು?" ಎಂದರು ಕಾಕಾ.

"ಯಾರೂ ಹೇಳಿಲ್ರಿ."

"ಯಾರೂ ಹೇಳಿಲ್ಲಂದ್ರ ಯಾರಿಗಂತ ಮಾಡ್ಲಿ?"

ನಾನು ವಾದಕ್ಕೆ ಬಾಯಿ ತೆರೆದೆ. ಸಾಹೇಬರು ಮುಂದೆ ಬಂದು, "ಲೆಕ್ಕ ನಂದು, ಜನದ ತಿಳುವಳಿಕಿ ಇವರದು. ತಪ್ಪಿದ್ರ ಇಬ್ಬರದೂ ತಪ್ಪು" ಎಂದರು. ಕಾಕಾ ಒಬ್ಬರಾದ ಮೇಲೊಬ್ಬರನ್ನು ನೋಡಿದರು. "ಆತು. ಹುಕ್ಕೇರಿ, ಮೂಡಲಗಿಗಿ ಕಳಸ್ರಿ. ವಾಪಸ್ ಬಂತಂದ್ರ ಹುಣ್ಣಿಮಿ ದಾರಿ ನೋಡೂದಿಲ್ಲ, ಅದ ಗಾಡ್ಯಾಗ ಕಪಾಟ, ಮಶೀನ್ ಎಲ್ಲಾ ಹೇರಿಸ್ಕೊಂಡ ಬರ್ತೇನಿ" ಎಂದರು.

ಒಲೆಗಳೆಲ್ಲ ಹೊತ್ತಿದವು. ಅಂಟು ಅರಳುವ ವಾಸನೆ ಬೀದಿಯ ತಿರುವಿನವರೆಗೂ ಬಂತು. ಎರಡೂ ಗಾಡಿಗಳು ಹೋದವು. ಆಮೇಲೆ ಏನೂ ಆಗಲಿಲ್ಲ. ಹುಕ್ಕೇರಿಯಿಂದ ಫೋನಿಲ್ಲ, ಮೂಡಲಗಿಯಿಂದ ಬಂದ ಫ್ಲಾಪಿಯಲ್ಲಿ ಬರೀ ಚುರಮುರಿ, ಶೇವು. ವಾರ ಅರ್ಧ ಕಳೆಯಿತು. ಕಾಕಾ ಮಹಡಿಯ ಮೆಟ್ಟಿಲು ಹತ್ತಿ ಬರುತ್ತಿದ್ದರು, ಏನೂ ಕೇಳದೆ ಇಳಿದುಹೋಗುತ್ತಿದ್ದರು. ಸಾಹೇಬರು ಲೆಕ್ಕವನ್ನು ಮತ್ತೆ ಮತ್ತೆ ತಿರುವಿ ಹಾಕಿದರು. ನಾನು ದೇವರಿಗೆ ಹರಕೆ ಹೊರಲು ಹೋಗಿ, ಬೇರೆಯವರ ಹೆಣ್ಣುಮಕ್ಕಳು ಬೇಗ ಹೆರಲೆಂದು ಬೇಡುವುದು ಹೇಗೆ ಎಂದು ನಾಚಿ ಸುಮ್ಮನಾದೆ. ಸುಖವಾಗಿ ಹೆರಲಿ, ಯಾವಾಗಲಾದರೂ ಹೆರಲಿ ಎಂದಷ್ಟೇ ಬೇಡಿಕೊಂಡೆ.

ಗುರುವಾರ ಬೆಳಿಗ್ಗೆ ಕಾಕಾ ಡ್ರೈವರನನ್ನು ಕರೆದು ಗಾಡಿ ತೆಗೆಯಲು ಹೇಳಿದರು. ಹುಕ್ಕೇರಿಗೆ ಹೋಗಿ ಕಪಾಟು, ಮಶೀನು ಹೇರಿಸಿಕೊಂಡು ಬರುವುದಕ್ಕೆ. ಆಗ ಅವರ ಮನೆಯಿಂದ ಆಳು ಓಡುತ್ತ ಬಂದು ಅವರ ಕಿವಿಯಲ್ಲಿ ಏನೋ ಹೇಳಿದ. ಬಾಣಂತನಕ್ಕೆಂದು ತವರಿಗೆ ಬಂದಿದ್ದ ಮಗಳಿಗೆ ಘಟಪ್ರಭಾದ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು, ಹೆಣ್ಣುಕೂಸು, ಇಬ್ಬರೂ ಆರಾಮ. ಕಾಕಾ ಎರಡು ಭಾಷೆಯಲ್ಲೂ ಏನೂ ಹೇಳದೆ ಕಣ್ಣೊರೆಸಿಕೊಂಡರು. ಆಮೇಲೆ ಗಾಬರಿಯಿಂದ ಒಲೆಗಳ ಕಡೆ ನಡೆದರು. "ಅಂಟ ಹಾಕ್ರಿ, ಲಗೂನ ಹಾಕ್ರಿ. ನಮ್ಮ ಮನ್ಯಾಗ ಒಂದ ಉಂಡೀನೂ ಇಲ್ಲ" ಎಂದರು.

ಒಲೆಯ ಮುಂದಿನ ಹೆಂಗಸರು ನನ್ನ ಮುಖ ನೋಡಿದರು. ಮುಂದಿನ ಅಂಗಡಿಯ ಕಪಾಟಿನಲ್ಲಿ, ಬೆಳಿಗ್ಗೆಯಷ್ಟೇ ಕಟ್ಟಿದ ಉಂಡಿಯ ಡಬ್ಬಿಗಳು ಹೆಸರಿಲ್ಲದೆ ಕೂತಿದ್ದವು. ಗೋಕಾಕದ ಪಾಲಿನವು. ನಾನು ದೊಡ್ಡದೊಂದನ್ನು ಇಳಿಸಿ ಅವರ ಮುಂದಿಟ್ಟೆ. ಕಾಕಾ ಮುಚ್ಚಳ ತೆಗೆದು ಒಂದನ್ನು ಒತ್ತಿ ನೋಡಿದರು. ಅದು ಇನ್ನೂ ಬೆಚ್ಚಗಿತ್ತು.

"ಇದ್ಯಾರಿಗಂತ ಮಾಡಿದ್ದು?" ಎಂದರು.

"ಯಾರೂ ಹೇಳಿದ್ದಿಲ್ರಿ ಕಾಕಾ" ಎಂದೆ. ಒಮ್ಮೆ ಬಾಯಿ ಬಿಟ್ಟರೆ ಅಲ್ಲಿಗೇ ನಿಲ್ಲಿಸಲು ನನ್ನಿಂದ ಆಗುವುದಿಲ್ಲ. "ನೀವೂ ಹೇಳಿದ್ದಿಲ್ಲ."

ಅವರು ಉಂಡಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು. ಮೂರು ಅಂಗಡಿಗಳ ಯಜಮಾನ, ತನ್ನ ಮಗಳಿಗೆ ಒಂದು ಡಬ್ಬಿ ಮುಂಚಿತವಾಗಿ ತೆಗೆದಿಡಿ ಎಂದು ತನ್ನ ಆಳುಗಳಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವಂತಿರಲಿಲ್ಲ. ಹುಕ್ಕೇರಿಯ ತಂದೆಯರೂ, ಮೂಡಲಗಿಯ ತಾಯಂದಿರೂ ಹಾಗೇ ಬಾಯಿಮುಚ್ಚಿ ಕೂತಿದ್ದಾರೆ ಎಂದು ಆಗ ಅವರಿಗೆ ಹೊಳೆದಿರಬೇಕು. ಡ್ರೈವರನ ಕಡೆ ತಿರುಗಿ, "ಗಾಡಿ ಹುಕ್ಕೇರಿಗಿ ಬ್ಯಾಡ. ಘಟಪ್ರಭಾಕ್ಕ ನಡಿ" ಎಂದರು.

ಅಂದು ಇಳಿಹೊತ್ತಿಗೆ ಹುಕ್ಕೇರಿಯಿಂದ ಮೊದಲ ಫೋನು ಬಂತು, ಮರುದಿನ ಮೂಡಲಗಿಯಿಂದ. ವಾರ ಮುಗಿಯುವುದರೊಳಗೆ ಎರಡೂ ಅಂಗಡಿಯಲ್ಲಿ ಡಬ್ಬಿಗಳು ತಳ ಕಂಡವು, ಇನ್ನೂ ಕಳಿಸಿ ಎಂದು ಒಂದೇ ಸಮನೆ ವರಾತ. ಮೂಡಲಗಿಯಲ್ಲಿ ಎದ್ದುಹೋಗಿದ್ದ ಆ ಹಸಿರು ಬಳೆಯ ತಾಯಿಯೂ ಬಂದು ಕೇಳಿದ ತಕ್ಷಣ ಉಂಡಿ ಸಿಕ್ಕಿದ್ದಕ್ಕೆ, "ತಮ್ಮಗ ಈಗ ಶಾಣ್ಯಾತನ ಬಂದೈತಿ" ಎಂದು ಹೇಳಿಹೋದರಂತೆ. ಸಾಹೇಬರಿಗೆ ಅದನ್ನು ತಿಳಿಸಿದೆ. ಅಷ್ಟು ದೊಡ್ಡದಾಗಿ ನಕ್ಕದ್ದನ್ನು ನಾನು ಅವರಲ್ಲಿ ಅದೇ ಮೊದಲು ನೋಡಿದ್ದು. ಮೇಜುಗಳನ್ನು ಎದುರುಬದುರಾಗಿ ಹಾಕಿಸಿಕೊಂಡದ್ದು ಆ ವಾರವೇ. ಆಮೇಲೆ ರಾಯಬಾಗದಲ್ಲಿ ಅಂಗಡಿ ತೆರೆದಾಗ ಜಾಗ ನೋಡಲು ನಾನು, ತಂತಿ ಎಳೆಯಲು ಅವರು, ಒಂದೇ ಬಸ್ಸಿನಲ್ಲಿ ಹೋದೆವು.

ಆದರೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ್ದು ಆ ಗುರುವಾರ. ಘಟಪ್ರಭಾಕ್ಕೆ ಹೊರಟ ಕಾಕಾ ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಡಬ್ಬಿಯನ್ನು ಗಲ್ಲಾದ ಮೇಲಿಟ್ಟು, "ಮಶೀನ್ದಾಗ ಹತ್ತಸ್ರಿ" ಎಂದರು. ಉಳಿದ ಗಿರಾಕಿಗಳ ಹಿಂದೆ ತಾವೂ ನಿಂತರು. ಅವರ ಸರದಿ ಬಂದಾಗ ಸಾಹೇಬರು ತೂಕ ಒತ್ತಿದರು, ಬಿಲ್ಲು ಹೊರಬಂತು. ಕಂಪ್ಯೂಟರ್ ಅವರನ್ನು ಬೇರೇನೂ ಕೇಳಲಿಲ್ಲ.